ರೆಪ್ಪೆ ಎತ್ತಿದಾಗ

ರೆಪ್ಪೆಗಳು ಜೋತುಬಿದ್ದು ಅರ್ಧ ಕಣ್ಣು ಮುಚ್ಚಿಹೋಗಿದ್ದ ಆಕೆಗೆ ಇವರು ಮೂರನೆಯ ಡಾಕ್ಟರು. ಕೂರುವ ಮೊದಲೇ ಕೇಳಿದಳು:

“ನೀವು ರೆಪ್ಪೆ ಆಪರೇಷನ್ನನ್ನೇ ಓದಿದೋರಾ, ಇಲ್ಲ ಎಲ್ಲದರ ಜೊತೆ ಇದನ್ನೂ ಮಾಡೋರಾ?”

“ಹದಿನೈದು ವರ್ಷದಿಂದ ಇದೊಂದೇ ಕೆಲಸ ಅಮ್ಮಾ. ಚಿಕ್ಕ ವಯಸ್ಸಿನ ಫೋಟೋ ಇದ್ಯಾ? ಕಣ್ಣು ಮೊದಲು ಹೇಗಿತ್ತು ಅಂತ ನೋಡ್ಬೇಕು.”

“ಫೋಟೋ ಕೇಳಿದೋರು ನೀವೊಬ್ರೇ. ನಿಮ್ಮ ಹತ್ರಾನೇ ಮಾಡಿಸ್ಕೋತೀನಿ,” ಎಂದು ಪರ್ಸಿನಿಂದ ಒಂದನ್ನು ತೆಗೆದುಕೊಟ್ಟಳು.

ಡಾಕ್ಟರು ಆಕೆಯ ಕೈಗೆ ಕನ್ನಡಿ ಕೊಟ್ಟು, ಬೆರಳುಗಳಿಂದ ರೆಪ್ಪೆಗಳನ್ನು ಮೆಲ್ಲಗೆ ಎತ್ತಿ ಹಿಡಿದರು. “ನೋಡಿ, ಥೇಟ್ ಫೋಟೋದ ಕಣ್ಣೇ! ಆಗ ನಿಮಗೆಷ್ಟು ವಯಸ್ಸು?”

ಆಕೆ ಕನ್ನಡಿಯಿಂದ ನೋಟ ಕೀಳಲಿಲ್ಲ.

“ಅದು ನಾನಲ್ಲ, ನನ್ನ ಮಗಳು. ತೀರ್ಕೊಂಡು ಎಂಟು ತಿಂಗಳಾಯ್ತು. ಇನ್ನೊಂದು ನಿಮಿಷ ಕೈ ತೆಗೀಬೇಡಿ ಡಾಕ್ಟ್ರೇ.”