ಕೊಟ್ಟಿಗೆಯ ಫೋಟೊ

ಬಿಂದುವಿನ ಬೆರಳು ಪರದೆಯಲ್ಲಿದ್ದ ದೊಡ್ಡಪ್ಪನ ಮುಖದ ಮೇಲೆ ನಿಂತಿತ್ತು. ಯಾವುದು ಎಲ್ಲಿರುತ್ತದೆ ಎಂದು ಕಲಿಸುವ ಕಂಪ್ಯೂಟರ್ ಆಟ ಅದು. ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳಿಗೆ ಬೇಗ ಗುರುತು ಹತ್ತಲಿ ಎಂದು ಕಾಮಗೆರೆಯ ಶಾಲೆಯ ಮೇಡಂ ಅವರವರ ಮನೆಯ ಫೋಟೊಗಳನ್ನೇ ಅದರೊಳಗೆ ಹಾಕಿದ್ದರು. ಹಸುವನ್ನು ಕೊಟ್ಟಿಗೆಗೆ, ಅವ್ವನನ್ನು ಒಲೆಯ ಮುಂದಕ್ಕೆ ಬಿಂದು ಸರಿಯಾಗಿಯೇ ಎಳೆದಿದ್ದಳು.

"ಈಗ ನನ್ ಸರದಿ. ಜಗಲಿ ಮ್ಯಾಲೆ ಕೂರ್ಸು ಕಣವ್ವ," ಎಂದು ಮುಂದಿನ ಕುರ್ಚಿಯಲ್ಲಿದ್ದ ದೊಡ್ಡಪ್ಪ ಗುರುಮಲ್ಲಪ್ಪ ಉಳಿದ ಪೋಷಕರ ಕಡೆ ನೋಡಿ ನಕ್ಕರು. ಬಿಂದು ಪರದೆಯ ಮೇಲೆ ಅವರನ್ನು ಎಳೆದುಕೊಂಡು ಹೋಗಿ ಕೊಟ್ಟಿಗೆಯ ಕಂಬದ ಪಕ್ಕ ಬಿಟ್ಟಳು. ಕಂಪ್ಯೂಟರು ತಪ್ಪೆಂದು ಗೊರ್ರೆಂದಿತು. "ಇನ್ನೊಂದ್ಸಲ ನೋಡು ಪುಟ್ಟಿ," ಎಂದರು ಮೇಡಂ. ಅವಳು ಮತ್ತೆ ಅಲ್ಲಿಗೇ ಎಳೆದಳು.

"ಬುಡಿ ಮೇಡಂ, ಇದ್ಕೇನ್ ತಿಳೀತದೆ," ಎಂದ ಗುರುಮಲ್ಲಪ್ಪನವರ ನಗು ಆರಿತ್ತು.

ಮಗಳ ಹಿಂದೆ ನಿಂತಿದ್ದ ಸುಂದ್ರಮ್ಮ ಸೆರಗು ಹೊದ್ದ ತಲೆ ಎತ್ತಿದಳು. ಗಂಡನ ಅಣ್ಣನ ಎದುರು ಬಾಯಿ ತೆರೆಯಬಾರದೆಂಬ ಮನೆಯ ಪದ್ಧತಿಯನ್ನು ಮದುವೆಯಾದಾಗಿನಿಂದ ಪಾಲಿಸಿದವಳು. ಕೊಟ್ಟಿಗೆಯ ಫೋಟೊ ತೆಗೆದು ಮೇಡಂಗೆ ಕೊಟ್ಟವಳು ಅವಳೇ. ಪೋಷಕರ ಸಭೆಗೆ ಮನೆಯ ಹಿರಿಯರೇ ಬರಬೇಕಂತೆ ಎಂದು ಗಂಡನ ಕೈಲಿ ಹೇಳಿಸಿದವಳೂ ಅವಳೇ.

"ತಿಳೀತದೆ ಬಾವ," ಎಂದಳು ಎಲ್ಲರಿಗೂ ಕೇಳುವಂತೆ. "ನಿಮ್ ಮಗಳ್ನ ನೋಡಕ್ಕೆ ಗಂಡಿನ್ ಕಡೆಯೋರು ಬಂದಾಗೆಲ್ಲ ನೀವೇ ಇವಳ್ನ ಆ ಕಂಬಕ್ಕೇ ಕಟ್ಟಾಕ್ತಿದ್ರಲ್ಲ."

ಬಿಂದು ಪರದೆಯ ತುಂಬ ಬೆರಳಾಡಿಸಿ ಏನನ್ನೋ ಹುಡುಕುತ್ತಿದ್ದಳು. ಸಿಗದೆ ತಿರುಗಿ ಕೇಳಿದಳು:

"ಅವ್ವ, ಹಗ್ಗ ಎಲ್ಲಿ?"