ಜಿಗಿತಕ್ಕೊಂದು ಕೊಳಲು

ಪ್ರಾಚೀನ ಗ್ರೀಸಿನ ಡೆಲ್ಫಿಯಲ್ಲಿ ಅಪೋಲೋ ದೇವರ ಉತ್ಸವದಲ್ಲಿ ಉದ್ದಜಿಗಿತದವರು ಜಿಗಿಯುವುದು ಕೊಳಲಿನ ಲಯಕ್ಕೆ. ಊದುವವನು ಕೊಳಲಿನ ಸ್ಪರ್ಧೆ ಗೆದ್ದು ತಲೆಗೆ ಎಲೆಯ ಕಿರೀಟ ತೊಟ್ಟವನು. ಜಿಗಿತದಲ್ಲಿ ಒಂದೇ ಗೇಣಿನಿಂದ ಸೋತವನು ಮೈಗೆ ಮೆತ್ತಿದ ಮರಳನ್ನೂ ಕೊಡವದೆ ತೀರ್ಪುಗಾರರ ಮುಂದೆ ಬಂದು ನಿಂತ.

“ಸ್ವಾಮಿ, ಈ ಕೊಳಲಿನವನು ನನ್ನ ಕುತ್ತಿಗೆ ಕೊಯ್ದ! ನನ್ನ ಸರದಿಗೆ ಬೇಕಂತಲೇ ಲಯ ತಪ್ಪಿಸಿದ. ಆ ಗೆದ್ದವನಿಗೆ ಮಾತ್ರ ಜೇನು ಸುರಿದ ಹಾಗೆ ಊದಿದ.”

“ಅವನಿಗೆ ಊದಿದ್ದನ್ನು ನೀನೇ ಕೇಳಿದೆಯಾ?” ಎಂದರು ತೀರ್ಪುಗಾರರು.

“ಅಷ್ಟು ಜನ ಬೊಬ್ಬೆ ಹೊಡೀತಿದ್ರೂ ಕಿವಿಯಾರೆ ಕೇಳಿದೆ! ಇವನ ಕಿರೀಟ ಕಿತ್ತು ಚಾವಟಿಯಲ್ಲಿ ಬಾರಿಸಿ!”

ತೀರ್ಪುಗಾರರು ಗೆದ್ದವನನ್ನು ಸಾಕ್ಷಿಗೆ ಕರೆದರು. ಬೆನ್ನು ಹಾಕಿ ನಿಂತಿದ್ದ ಅವನು ಮೂರು ಸಲ ಕೂಗಿದರೂ ತಿರುಗಲಿಲ್ಲ.

“ಅವನು ಹುಟ್ಟು ಕಿವುಡ, ಸ್ವಾಮಿ,” ಎಂದ ಕೊಳಲಿನವನು. “ಅವನ ಸರದಿಗೆ ನಾನು ಊದಲೇ ಇಲ್ಲ.”