ಒಂದು ಖಾಲಿ

ವಂಶದಲ್ಲಿ ಹೃದ್ರೋಗವಿದ್ದರೆ ನಲವತ್ತು ತುಂಬಿದ ದಿನ ಹೃದಯ ಮಾತಾಡಲು ಶುರುಮಾಡುತ್ತದೆ, ಅದೂ ತೀರಿಹೋದ ಹಿರಿಯರ ದನಿಯಲ್ಲಿ. ದಾವಣಗೆರೆಯ ಹೋಟೆಲಿನವರಿಗೆ ಇದು ಅಭ್ಯಾಸವಾಗಿತ್ತು.

"ಆರ್ಡರ್ ಬಾಯಿದೋ, ಎದೀದೋ?" ಸಪ್ಲೈಯರ್ ಕೇಳಿದ.

"ಬಾಯಿದು. ಒಂದು ಬೆಣ್ಣೆ ದೋಸೆ," ಎಂದ ಕೊಟ್ರೇಶ.

"ಇಡ್ಲಿ. ವಡಿ ಬ್ಯಾಡ," ಎಂದಿತು ಅಂಗಿಯೊಳಗಿನಿಂದ ಅಪ್ಪನ ದನಿ.

ಪಕ್ಕದ ಟೇಬಲ್ಲಿನಲ್ಲಿ ಯಾರದೋ ಅಜ್ಜಿ ಮೊಮ್ಮಗನ ಎದೆಯೊಳಗಿಂದಲೇ ಬೋಂಡ ವಾಪಸು ಕಳಿಸುತ್ತಿದ್ದಳು.

ಕೊಟ್ರೇಶ ಉಪಾಯ ಹೂಡಿದ. ಆ ಊರಿನಲ್ಲಿ ಖಾಲಿ ದೋಸೆ ಎಂದರೆ ಒಳಗೆ ಪಲ್ಯವಿಲ್ಲ ಎಂದಷ್ಟೇ ಅರ್ಥ, ಬೆಣ್ಣೆಗೆ ಮೋಸವಿಲ್ಲ.

"ಹೋಗ್ಲಿ, ಬರೇ ಒಂದು ಖಾಲಿ ಕೊಡಪ್ಪ," ಎಂದ, ಸಾಧುವಿನಂತೆ.

ಎದೆ ಒಮ್ಮೆ ಜೋರಾಗಿ ಬಡಿದುಕೊಂಡಿತು.

"ಲೇ ಕೊಟ್ರ್ಯಾ, ನಾನೂ ನಿಮ್ಮವ್ವಗೆ ದಿನಾ ಖಾಲಿ ತಿಂದೆ, ಖಾಲಿ ತಿಂದೆ ಅಂತಾನೇ ಹೇಳ್ತಿದ್ದೆ. ಕೊನಿಗೆ ಜಾಗ ಖಾಲಿ ಮಾಡ್ದೆ."

ಇಡ್ಲಿ ಬಂತು. ಕೊಟ್ರೇಶ ಮುಖ ಗಂಟಿಕ್ಕಿಕೊಂಡು ತಿಂದ. ಅಷ್ಟರಲ್ಲಿ ಬೇರೆ ಯಾರದೋ ಬೆಣ್ಣೆ ದೋಸೆ ಘಮಘಮಿಸುತ್ತ ಪಕ್ಕದಲ್ಲೇ ಹಾದುಹೋಯಿತು.

"ಕೊಟ್ರ್ಯಾ," ಎಂದಿತು ಎದೆ, ಬಹಳ ಮೆಲ್ಲಗೆ. "ಉಸಿರು ಜೋರಾಗಿ ಎಳ್ಕೋ. ವಾಸನಿಗೇನೂ ಆಗಲ್ಲ."